ತಲೆಕೆಳಗಾದರೂ ಒಂಬತ್ತು

ನಮ್ಮ ಸೋದರತ್ತೆ ತಮ್ಮ ಬಾಳಿನ ಮೊದಲ ಮಹಾಯುದ್ಧವನ್ನು ಸೋತದ್ದು ಒಂದು ಹಾಳೆ ಉಪ್ಪುಕಾಗದದ ದೆಸೆಯಿಂದ.

ಆಗ ಅವರಿಗೆ ನಲವತ್ತೊಂಬತ್ತು ವರ್ಷ. ಗಂಡ ತೀರಿಕೊಂಡ ಮೇಲೆ ಎರಡು ವರ್ಷ ಮನೆಯಲ್ಲಿ ಕೂತು ನೋಡಿದರು. ಕೂರುವುದು ತಮ್ಮ ಕೈಲಾಗುವ ಕೆಲಸವಲ್ಲ ಎಂದು ತೀರ್ಮಾನಿಸಿ, ಒಂದು ಬೆಳಿಗ್ಗೆ ತೋಳು ಮಡಿಸಿಕೊಂಡು ಬಡಗಿ ಶೆಡ್ಡಿಗೆ ಬಂದು ನಿಂತರು. ಶೆಡ್ಡು ಗಂಡನದೇ, ಈಗ ನಡೆಸುತ್ತಿದ್ದವರು ಮೈದುನ. ಮೈದುನ ಬಹಳ ಒಳ್ಳೆಯವರು, ಅಂದರೆ ಯಾರಿಗೂ ಇಲ್ಲ ಎನ್ನುವ ಧೈರ್ಯವಿಲ್ಲದವರು. ಅತ್ತಿಗೆಯ ಮುಖ ನೋಡಿದರು, ಸುತ್ತ ನೋಡಿದರು, ಕೊನೆಗೆ ಒಂದು ಕಟ್ಟು ಉಪ್ಪುಕಾಗದ ಕೈಗಿತ್ತು, "ಬೇಜಾರಾದಾಗ ಉಜ್ಜಿ ಅತ್ತಿಗೆ" ಅಂದರು.

ಅತ್ತೆಗೆ ಬೇಜಾರು ಆಗುತ್ತಿರಲಿಲ್ಲ. ಆದರೂ ಉಜ್ಜಿದರು. ಬಾಗಿಲು, ಚೌಕಟ್ಟು, ಮಂಚದ ಕಾಲು, ಸಿಕ್ಕಿದ್ದನ್ನೆಲ್ಲ ಉಜ್ಜಿದರು. ಅವರ ಕೈಗೆ ಬಂದ ಹಲಗೆ ಮಗುವಿನ ಕೆನ್ನೆಯಾಗಿ ಹೊರಗೆ ಹೋಗುತ್ತಿತ್ತು. ಹೀಗೆ ಕೀರ್ತಿ ಹಬ್ಬುತ್ತಿದ್ದ ಕಾಲದಲ್ಲಿ ಯಾವುದೋ ಹಳೆಯ ಮನೆಯ ಮೆಟ್ಟಿಲಸಾಲು ದುರಸ್ತಿಗೆಂದು ಬಿಚ್ಚಿಕೊಂಡು ಬಂತು. ಮೂವತ್ತೆರಡು ಹಲಗೆ. ಪ್ರತಿಯೊಂದರ ಹಿಂಬದಿಯಲ್ಲೂ ಉಳಿ ತಾಗಿದಂತೆ ಅಡ್ಡಾದಿಡ್ಡಿ ಗೀರು. ಅತ್ತೆ ಅಚ್ಚುಕಟ್ಟಿನವರು, ಹಿಂಬದಿಯನ್ನು ಕಡೆಗಣಿಸುವ ಸೋಮಾರಿಗಳಲ್ಲ. ಎರಡು ದಿನ ಕೂತು ಮೂವತ್ತೆರಡನ್ನೂ ನುಣ್ಣಗೆ ಮಾಡಿಟ್ಟರು.

ಮೂರನೆಯ ದಿನ ಮೇಸ್ತ್ರಿ ಒಂದು ಹಲಗೆ ತಿರುಗಿಸಿದ. ಇನ್ನೊಂದು ತಿರುಗಿಸಿದ. ಆಮೇಲೆ ಕೂತುಬಿಟ್ಟ.

"ಅಕ್ಕಾ, ಇಲ್ಲಿದ್ದ ನಂಬರೆಲ್ಲಿ?"

"ಯಾವ ನಂಬರು? ಗೀರಿತ್ತು, ತೆಗೆದೆ."

"ಗೀರಲ್ಲ ಅದು! ರೋಮನ್ ಅಂಕಿ! ಯಾವ ಹಲಗೆ ಯಾವ ಮೆಟ್ಟಿಲಿಗೆ ಅನ್ನೋ ಗುರುತು!"

"ಗೀರಿದ ಹಾಗೆ ಬರೆದ್ರೆ ಗೀರು ಅಂತಾನೇ ತೆಗೀತಾರೆ" ಅಂದರು ಅತ್ತೆ. ಸೋತ ಸೇನಾಪತಿ ಕೂಡ ಕತ್ತಿಯನ್ನು ತಾನಾಗಿ ಒಪ್ಪಿಸುವುದಿಲ್ಲ.

ಮೂವತ್ತೆರಡು ಹಲಗೆಗಳನ್ನು ಮೂವತ್ತೆರಡು ಜಾಗಗಳಲ್ಲಿ ತೂರಿಸಿ ನೋಡಿ ಹೊಂದಿಸಲು ಒಂಬತ್ತು ದಿನ ಹಿಡಿಯಿತು. ಹತ್ತನೆಯ ದಿನ ಮೇಸ್ತ್ರಿ ಎಲ್ಲರಿಗೂ ಕೇಳಿಸುವಂತೆ ಹೇಳಿದ: "ಉಜ್ಜೋರು ಉಜ್ಜಬೇಕು. ಅಂಕಿಗಿಂಕಿ ನಮಗೆ ಬಿಡಬೇಕು. ಈ ವಯಸ್ಸಲ್ಲಿ ತಲೆಗೆ ಹತ್ತೋದಲ್ಲ ಅದು."

ಈ ಮಾತನ್ನು ಅವನು ಆಡದಿದ್ದರೆ ಅತ್ತೆ ಇನ್ನೂ ಇಪ್ಪತ್ತು ವರ್ಷ ಸುಖವಾಗಿ ಉಜ್ಜಿಕೊಂಡಿರುತ್ತಿದ್ದರು. ಮೇಸ್ತ್ರಿ ಬುದ್ಧಿವಂತ, ಚೌಕಟ್ಟು ಹಾಕಿಸಿದ ಸರ್ಟಿಫಿಕೇಟು ಇದ್ದವನು. ಆದರೆ ನಮ್ಮತ್ತೆಯ ವಯಸ್ಸಿನ ಮಾತೆತ್ತಬಾರದು ಎಂದು ಯಾವ ಸರ್ಟಿಫಿಕೇಟಿನಲ್ಲೂ ಬರೆದಿರಲಿಲ್ಲವಲ್ಲ.

ಶೆಡ್ಡಿನ ಹಿಂಬಾಗಿಲ ಹತ್ತಿರ ಒಬ್ಬ ಮುದಿ ಬಡಗಿ ಇದ್ದರು. ಎಲ್ಲರಿಗೂ ತಾತ. ಕಣ್ಣಿಗೆ ಪೊರೆ ಬಂದು ಕೆಲಸ ಬಿಟ್ಟಿದ್ದರು. ಸೊಟ್ಟ ಮೊಳೆಗಳನ್ನು ತಟ್ಟಿ ನೆಟ್ಟಗೆ ಮಾಡುತ್ತ ದಿನ ಕಳೆಯುತ್ತಿದ್ದರು. ಅತ್ತೆ ಅವರ ಮುಂದೆ ಹೋಗಿ ಕೂತರು.

"ತಾತ, ನೆಟ್ಟಗಿರೋ ಅಂಕಿ ಇರುವಾಗ ಈ ಗೀರು ಯಾಕೆ?"

"ಉಳಿ ಕೊಡ್ತೀನಿ. ಆ ತುಂಡಿನ ಮೇಲೆ ಒಂದು ಎಂಟು ಕೊರಿ ನೋಡೋಣ."

ಅತ್ತೆ ಕೊರೆದರು. ಅರ್ಧ ಗಂಟೆಯಾದ ಮೇಲೆ ಆ ಎಂಟು, ಯಾರೋ ತುಳಿದುಹೋದ ಕಡುಬಿನಂತೆ ಇತ್ತು.

"ಗೊತ್ತಾಯ್ತಾ?" ಅಂದರು ತಾತ. "ಉಳಿಗೆ ಬಾಗೋದು ಗೊತ್ತಿಲ್ಲ. ನಿನ್ನ ಹಾಗೇ. ಅದಕ್ಕೇ ಎಲ್ಲ ನೆಟ್ಟ ಗೀಟು. ಒಂದು ಗೀಟು ಒಂದು. ಎರಡು ಓರೆ ಗೀಟು ಬುಡದಲ್ಲಿ ಸೇರಿದ್ರೆ ಐದು. ಎರಡು ಗೀಟು ಕತ್ತರಿ ಹಾಕಿದ್ರೆ ಹತ್ತು. ಉಳಿದದ್ದೆಲ್ಲ ಇವಕ್ಕೆ ಕೂಡಿಸ್ತಾ ಹೋಗೋದು."

ದಿಗ್ವಿಜಯ ಶುರುವಾಯಿತು. ಅತ್ತೆ ಮೊದಲು ಸೌದೆಚೂರುಗಳನ್ನು ಗೆದ್ದರು, ಆಮೇಲೆ ತಮ್ಮ ಮನೆಯ ತರಕಾರಿ ಹೆಚ್ಚುವ ಮಣೆಯನ್ನು, ಅದಾದ ಮೇಲೆ ನಮ್ಮ ಮನೆಯ ಮೇಲೆ ದಂಡೆತ್ತಿ ಬಂದರು. ಒಂದು ಭಾನುವಾರ ಅವರು ಬಂದುಹೋದ ಮೇಲೆ ನೋಡಿದರೆ ಆರು ಕುರ್ಚಿಗೂ ಬೆನ್ನಿನ ಮೇಲೆ ಅಂಕಿ ಬಿದ್ದಿತ್ತು.

"ನಿಮ್ಮಕ್ಕನಿಗೆ ತಲೆ ಕೆಟ್ಟಿದೆಯಾ?" ಎಂದು ಅಮ್ಮ ಅಪ್ಪನನ್ನು ತರಾಟೆಗೆ ತೆಗೆದುಕೊಂಡರು. "ಇದು ಮನೆಯೋ, ಸಿನೆಮಾ ಟಾಕೀಸೋ?"

"ನೀನು ನಾಲ್ಕರಲ್ಲಿ ಕೂತ್ಕೊ, ಸಮಾಧಾನವಾಗುತ್ತೆ" ಅಂದರು ಅಪ್ಪ. ಆ ರಾತ್ರಿ ಅಡುಗೆಮನೆಯ ಬಾಗಿಲು ಅಪ್ಪನ ಪಾಲಿಗೆ ತೆರೆಯಲಿಲ್ಲ.

ತಾತನ ಪರೀಕ್ಷೆ ಬೇರೆ ಥರ. ಅವರಿಗೆ ಕಣ್ಣು ಕಾಣದಾದ್ದರಿಂದ ಶಿಷ್ಯೆಗೂ ಕಣ್ಣು ಮುಚ್ಚಿಸುತ್ತಿದ್ದರು. ಬೆರಳು ಸವರಿ ಓದಬೇಕು. ಒಂದು ದಿನ ಒಂದು ತುಂಡು ಕೊಟ್ಟರು. ಒಂದು ಗೀಟು, ಅದರ ಬಲಕ್ಕೆ ಕತ್ತರಿ. IX.

"ಒಂಬತ್ತು" ಅಂದರು ಅತ್ತೆ. "ಹತ್ತಕ್ಕೆ ಮುಂಚೆ ಒಂದು ಬಂದ್ರೆ ಕಳೆಯೋದು. ಮೇಸ್ತ್ರಿ ಗೋಡೆಗಂಟಿಸಿರೋ ಅಂಕಿ ಹಾಳೇಲಿ ನೋಡಿದೀನಿ."

ತಾತ ತುಂಡನ್ನು ಅವರ ಕೈಯಲ್ಲೇ ಅರ್ಧ ಸುತ್ತು ತಿರುಗಿಸಿದರು. "ಈಗ?"

ಅತ್ತೆ ಸವರಿದರು. ಮತ್ತೆ ಸವರಿದರು. "ಹನ್ನೊಂದು."

"ಮರ ಅದೇ, ಕೈ ಅದೇ. ಎರಡು ಅಂಕಿ ಹೆಂಗೆ ಬಂತು?" ತಾತ ನಕ್ಕರು. "ಕಳೆಯೋ ಲೆಕ್ಕ ಪುಸ್ತಕದೋರಿಗೆ. ಪುಸ್ತಕ ತಲೆಕೆಳಗಾದ್ರೆ ಗೊತ್ತಾಗುತ್ತೆ. ತೊಲೆ ತಲೆಕೆಳಗಾದ್ರೆ ಯಾರಿಗೆ ಗೊತ್ತಾಗುತ್ತೆ? ನಾವು ಬರೀ ಕೂಡೋದು. ನಾಲ್ಕಕ್ಕೆ ನಾಲ್ಕು ಗೀಟು. ಒಂಬತ್ತಕ್ಕೆ ಐದು, ಅದರ ಪಕ್ಕ ನಾಲ್ಕು ಗೀಟು. ಯಾವ ಕಡೆ ನಿಂತು ನೋಡಿದ್ರೂ ಬೇರೆ ಅಂಕಿ ಆಗಬಾರದು. ಅಷ್ಟೇ ನಮ್ಮ ವಿದ್ಯೆ."

ಇದಾಗಿ ಮೂರು ವರ್ಷಕ್ಕೆ ಗ್ರಂಥಾಲಯದ ಕೆಲಸ ಬಂತು. ರಸ್ತೆ ಅಗಲ ಮಾಡಲು ಹಳೆಯ ಕಟ್ಟಡ ಕೆಡವುತ್ತಿದ್ದರು. ಅದರ ಮರದ ಸೂರನ್ನು ಮಾತ್ರ ಬಿಚ್ಚಿ, ಮೂರು ಬೀದಿ ಆಚೆಯ ಹೊಸ ಗೋಡೆಗಳ ಮೇಲೆ ಮತ್ತೆ ಕೂರಿಸಬೇಕು. ಓದುವ ಕೋಣೆಗೆ ಹನ್ನೆರಡು ಅಡ್ಡತೊಲೆ, ಪುಸ್ತಕದ ಕೋಣೆಗೆ ಹನ್ನೆರಡು, ಮುಂದಿನ ಜಗಲಿಗೆ ಆರು. ನೋಡಲು ಎಲ್ಲ ಅವಳಿಜವಳಿ, ಎರಡು ತುದಿಯೂ ಒಂದೇ ರೀತಿ. ಆದರೆ ಹಿಂದಿನವರು ಒಂದೊಂದನ್ನೂ ಗೋಡೆಯ ಮೇಲಿನ ಮರದ ಪಟ್ಟಿಯಲ್ಲಿ ಅದರದರ ಗೂಡಿಗೆ, ಅಂದರೆ ತುದಿ ಕೂರುವ ಕುಳಿಗೆ, ಕೈಯಲ್ಲೇ ಕೆತ್ತಿ ಕೂರಿಸಿದ್ದರು. ಒಂದರ ಗೂಡಿಗೆ ಇನ್ನೊಂದು ಹೋಗದು. ಆದ್ದರಿಂದ ಬಿಚ್ಚುವ ಮೊದಲೇ ತೊಲೆಗೂ ಗೂಡಿಗೂ ಒಂದೇ ಅಂಕಿ ಕೊರೆಯಬೇಕು.

ಕೊರೆಯಲು ಕೋಣೆಗೊಬ್ಬನಂತೆ ಇಬ್ಬರು ಬಡಗಿಗಳು ಗೊತ್ತಾಗಿದ್ದರು. ಅವರಲ್ಲೊಬ್ಬ ಹಲ್ಲುನೋವೆಂದು ಕೆನ್ನೆ ಊದಿಸಿಕೊಂಡು ಮನೆಯಲ್ಲಿ ಮಲಗಿದ. ಮೇಸ್ತ್ರಿ ಬದಲಿ ಆಳು ಹುಡುಕಲು ಹೋಗಿ ಬರುವಷ್ಟರಲ್ಲಿ ಅತ್ತೆ ಏಣಿ ಹತ್ತಿ ಪುಸ್ತಕದ ಕೋಣೆಯ ಒಂಬತ್ತನೆಯ ತೊಲೆಯವರೆಗೆ ಕೊರೆದು ಮುಗಿಸಿದ್ದರು.

"ಅಕ್ಕಾ, ಏನಿದು ಬೇಲಿ?" ಎಂದು ಕೆಳಗಿನಿಂದ ಮೇಸ್ತ್ರಿ ಕೂಗಿದ.

"ಒಂಬತ್ತು."

"ಒಂಬತ್ತು ಹಾಗಿರಲ್ಲ! ಗೋಡೆ ಮೇಲೆ ಹಾಳೆ ಅಂಟಿಸಿದ್ದು ಯಾಕೆ?"

"ಹಾಳೆ ನೆಟ್ಟಗೆ ಅಂಟಿಕೊಂಡಿರುತ್ತೆ. ತೊಲೆ ಉರುಳುತ್ತೆ ಮೇಸ್ತ್ರಿ."

"ತಪ್ಪು ತಪ್ಪೇ. ಇಳೀರಿ ಕೆಳಗೆ."

"ನನ್ನ ತಪ್ಪು ನನ್ನ ಕೋಣೇಲಿರಲಿ, ನಿಮ್ಮ ಸರಿ ನಿಮ್ಮ ಕೋಣೇಲಿರಲಿ" ಎಂದು ಅತ್ತೆ ಹತ್ತನೆಯ ತೊಲೆಗೆ ಸರಿದರು.

ಮೈದುನ ಓಡಿ ಬಂದರು. "ಅತ್ತಿಗೆ, ಯಾಕೆ ಸುಮ್ನೆ ಜಗಳ..." ಎಂದು ಶುರುಮಾಡಿ, ಎರಡೂ ಕಡೆ ನೋಡಿ, ಏಣಿಯ ಬುಡ ಹಿಡಿದು ನಿಂತರು.

ಮೇಸ್ತ್ರಿ ಪಂಥ ಹಾಕಿದ. "ಸರಿ. ನಿಮ್ಮ ಒಂದೇ ಒಂದು ತೊಲೆ ಮೇಲೇರಿ ಕೆಳಗಿಳೀತು ಅಂದ್ರೆ, ಇನ್ನು ಬದುಕಿರೋವರೆಗೆ ಉಳಿ ಮುಟ್ಟಬಾರದು."

"ಇಳೀದಿದ್ರೆ? ನಿಮ್ಮದು ಇಳಿದ್ರೆ?"

"ಏನು ಬೇಕು ಕೇಳಿ."

"ಕೂಗೋ ಜಾಗ."

ಬಡಗಿಗಳೆಲ್ಲ ಕೆಲಸ ನಿಲ್ಲಿಸಿದರು. ಸೂರು ಕೂರಿಸುವಾಗ ಕೆಳಗೆ ನಡುಮಧ್ಯೆ ಒಬ್ಬರು ನಿಂತು ಅಂಕಿ ಕೂಗುತ್ತಾರೆ. ಅವರು ಕೂಗಿದ ತೊಲೆ ಏರಬೇಕು, ಅವರು ತಡೆ ಅಂದರೆ ಹಗ್ಗ ತಡೆಯಬೇಕು. ಶೆಡ್ಡಿನ ಮಟ್ಟಿಗೆ ಅದು ಸಿಂಹಾಸನ. ಅಲ್ಲಿ ಇದುವರೆಗೆ ಯಾವ ಹೆಂಗಸೂ ನಿಂತಿರಲಿಲ್ಲ. ಉಜ್ಜುವವರಂತೂ ಅದರ ಹತ್ತಿರ ಗುಡಿಸಲಿಕ್ಕಷ್ಟೇ ಹೋಗುತ್ತಿದ್ದರು.

"ಆಗಲಿ" ಅಂದ ಮೇಸ್ತ್ರಿ. ಅವನಿಗೆ ಹಾಳೆಯ ಮೇಲೆ ಅಷ್ಟು ನಂಬಿಕೆ.

ಹೊಸ ಗೋಡೆಗಳ ನಡುವೆ ಮೊದಲ ದಿನ ಓದುವ ಕೋಣೆ, ಮೇಸ್ತ್ರಿಯ ಹಾಳೆಯಂತೆ ಅಂಕಿ ಬಿದ್ದದ್ದು. ಮೇಸ್ತ್ರಿ ಸಿಂಹಾಸನದಲ್ಲಿ ನಿಂತು ಕೂಗಿದ. ಎಂಟರವರೆಗೆ ತೊಲೆಗಳು ಸದ್ಗೃಹಸ್ಥರಂತೆ ಏರಿ ತಮ್ಮ ತಮ್ಮ ಗೂಡು ಸೇರಿದವು. "ಒಂಬತ್ತು!" ಅಂದ. ಆಳುಗಳು ರಾಶಿಯಲ್ಲಿ IX ಹುಡುಕಿ ಹಗ್ಗ ಕಟ್ಟಿದರು. ತೊಲೆ ಏರಿತು. ಗೂಡಿನ ಬಾಯಿಯ ಹತ್ತಿರ ಹೋಗಿ ಮುನಿಸಿಕೊಂಡು ನಿಂತಿತು. ಎರಡು ಬೆರಳಿನಷ್ಟು ಉದ್ದ ಹೆಚ್ಚು.

"ಬಡೀರಿ" ಅಂದ ಮೇಸ್ತ್ರಿ. ಬಡಿದರು. ತೊಲೆಗೆ ಕೇಳಿಸಲಿಲ್ಲ.

"ಉಬ್ಬಿದೆ. ಕೆಳಗಿಳಿಸಿ, ತುದಿ ಕೊಯ್ದುಬಿಡೋಣ."

ಗರಗಸ ಬಂತು. ನೂರು ವರ್ಷದ ತೊಲೆ ನೆಲಕ್ಕಿಳಿದು ಮಲಗಿತು. ಅತ್ತೆ ನೆಟ್ಟಗೆ ನಡೆದು ಬಂದು, ಗರಗಸದ ಹಲ್ಲು ತಾಗಬೇಕಿದ್ದ ಜಾಗದ ಮೇಲೆಯೇ ಕೂತರು.

"ಏಳಿ ಅಕ್ಕಾ."

"ಏಳಲ್ಲ. ಕೊಯ್ಯೋದಾದ್ರೆ ನನ್ನ ಸಮೇತ ಕೊಯ್ರಿ. ಇಲ್ಲಾಂದ್ರೆ ತೊಲೆ ಸುತ್ತಿಕೊಂಡು ಈ ಕಡೆ ಬಂದು ನೋಡ್ರಿ."

ಮೇಸ್ತ್ರಿ ದುರುಗುಟ್ಟಿದ. ಆಮೇಲೆ ಸರ್ಟಿಫಿಕೇಟಿನ ಗಾಂಭೀರ್ಯದಿಂದ ತೊಲೆಯ ತುದಿ ಸುತ್ತಿ, ಆಚೆ ಬದಿಗೆ ಬಂದು, ಬಗ್ಗಿ ನೋಡಿದ. ಅವನ ಒಂಬತ್ತು ಅಲ್ಲಿ ಹನ್ನೊಂದಾಗಿ ಮಲಗಿತ್ತು. ಎದ್ದು ಮತ್ತೆ ಈ ಬದಿಗೆ ಬಂದ. ಒಂಬತ್ತು. ಇನ್ನೊಮ್ಮೆ ಆ ಬದಿಗೆ ಹೋದ. ಹನ್ನೊಂದು. ಮೂರು ಸುತ್ತು ಹಾಕಿದ ಮೇಲೆ ಆಳುಗಳಲ್ಲೊಬ್ಬ, "ಮೇಸ್ತ್ರಿ, ಇನ್ನೂ ಎಷ್ಟು ಸುತ್ತು?" ಎಂದು ಕೇಳಿ ತನ್ನ ನಗುವನ್ನು ಟವೆಲಿನಿಂದ ಮುಚ್ಚಿಕೊಂಡ.

"ಯಾರೋ ತೊಲೆ ತಿರುಗಿಸಿಟ್ಟಿದ್ದಾರೆ!"

"ತಿರುಗಿಸದೆ ಹೆಂಗೆ ಬರುತ್ತೆ? ಮೂರು ಬೀದಿ ನಡ್ಕೊಂಡು ಬರೋಕೆ ಅದಕ್ಕೆ ಕಾಲಿದೆಯಾ?" ಅಂದರು ಅತ್ತೆ. ಹನ್ನೊಂದನೆಯ ಗೂಡಿಗೆ ಏರಿಸಿದಾಗ ತೊಲೆ ನಿಟ್ಟುಸಿರಿಟ್ಟಂತೆ ಒಳಸೇರಿತು.

ಆದರೆ ಪಂಥದ ಅರ್ಧ ಮಾತ್ರ ಮುಗಿದಿತ್ತು. ಮರುದಿನ ಪುಸ್ತಕದ ಕೋಣೆ. ಅತ್ತೆಯ ತೊಲೆಗಳನ್ನು ಮೇಸ್ತ್ರಿಯೇ ಕೂಗಿದ. ಒಂದಾದರೂ ಕೈಕೊಡಲಿ ಎಂಬ ಹಂಬಲ ಅವನ ದನಿಯಲ್ಲೇ ಇತ್ತು. ನಾಲ್ಕು ಏರಿತು. ಆರು ಏರಿತು. "ಒಂಬತ್ತು!" ಅಂದಾಗ ಅತ್ತೆ ಕೈಕಟ್ಟಿ ನಿಂತಿದ್ದರು, ಕಟ್ಟಿದ ಕೈಯ ಬೆರಳುಗಳು ಮಾತ್ರ ತೋಳನ್ನು ಹಿಂಡುತ್ತಿದ್ದವು.

"ಬೇಲಿ ತಲೆಕೆಳಗಾಗಿದೆ" ಅಂದ ಹಗ್ಗ ಕಟ್ಟುವವನು. ಮೇಸ್ತ್ರಿಯ ಮುಖ ಅರಳಿತು. "ಆದ್ರೆ ಬೇಲಿನೇ ಮೇಸ್ತ್ರಿ. ಇನ್ಯಾವ ಅಂಕೀನೂ ಹಿಂಗಿಲ್ಲ."

VIIII ಏರಿ ಗೂಡಿಗೆ ಕೂತಿತು. ಹತ್ತು, ಹನ್ನೊಂದು, ಹನ್ನೆರಡು ಅದರ ಹಿಂದೆಯೇ ಮೆರವಣಿಗೆ ಹೋದವು. ಒಂದೂ ಇಳಿಯಲಿಲ್ಲ.

ಮಧ್ಯಾಹ್ನ ಗ್ರಂಥಾಲಯದ ಅಧಿಕಾರಿ ಕನ್ನಡಕ ಏರಿಸಿಕೊಂಡು ಬಂದು, ಕತ್ತೆತ್ತಿ ನೋಡಿದರು. "ಈ ಒಂಬತ್ತು ತಪ್ಪಾಗಿದೆಯಲ್ಲ. ಪುಸ್ತಕಗಳಲ್ಲಿ ಹೀಗಿಲ್ಲ. ಓದೋರು ಬರೋ ಜಾಗ, ತಿದ್ದಿಸಿಬಿಡಿ."

"ತಿದ್ದಬಹುದು" ಅಂದರು ಅತ್ತೆ. "ಸೂರು ನೀವು ಹಿಡ್ಕೊಂಡಿರ್ತೀರಾ?"

ಅಧಿಕಾರಿ ಸೂರನ್ನು ನೋಡಿದರು, ತಮ್ಮ ಕೈಗಳನ್ನು ನೋಡಿಕೊಂಡರು, ಹೊರಟುಹೋದರು.

ಜಗಲಿಯ ದಿನ ಬೆಳಿಗ್ಗೆ ಮೇಸ್ತ್ರಿ ಕೊನೆಯ ಕೊಕ್ಕೆ ಹಾಕಿ ನೋಡಿದ. "ಮಾತು ಮಾತೇ, ಇಲ್ಲ ಅನ್ನಲ್ಲ. ಆದ್ರೆ ಕೂಗೋದಕ್ಕೆ ಗಂಟಲು ಬೇಕು ಅಕ್ಕಾ. ನಿಮ್ಮ ದನಿ ಮೇಲಿನವರಿಗೆ ಕೇಳಿಸುತ್ತಾ?"

ಅತ್ತೆ ನಡುಮಧ್ಯೆ ಹೋಗಿ ಕಾಲೂರಿ ನಿಂತರು.

"ಒಂದು!"

ಎದುರುಸಾಲಿನ ಅಂಗಡಿಯವರು ಹೊರಗೆ ಬಂದು ನಿಂತರು. ಗೋಡೆಯ ಮೇಲೆ ಕೂತಿದ್ದ ಇಬ್ಬರೂ ಒಟ್ಟಿಗೆ ಎದ್ದರು. ಆಳು ಕಡಿಮೆಯಿದ್ದ ಕಾರಣ ಮೇಸ್ತ್ರಿಯೇ ಹಗ್ಗದ ತುದಿ ಹಿಡಿಯಬೇಕಾಯಿತು.

"ಮೇಸ್ತ್ರಿ, ಹಗ್ಗ ಹಿಡಿದು ನಿಂತಿದ್ದೀರೋ, ಜೋತು ಬಿದ್ದಿದ್ದೀರೋ? ಎಳೀರಿ!"

ಮೇಸ್ತ್ರಿ ಎಳೆದ.