ಎಡಬದಿಯ ಅಂಜಲ್

ಚಿತ್ರ ಬರೆಯುವುದು ನನ್ನ ಹವ್ಯಾಸ ಅಂತ ಯಾರಾದರೂ ಪರಿಚಯ ಮಾಡಿಸಿದರೆ ನನಗೆ ಈಗಲೂ ಕಿವಿ ಬಿಸಿಯಾಗುತ್ತದೆ. ವಿನಯ ಗಿನಯ ಏನಿಲ್ಲ. ಹಂಗಾರಕಟ್ಟೆಯಲ್ಲಿ ಬೋಟು ನೀರಿಗಿಳಿದ ಒಂದು ದಿನ ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಆ ನಾಚಿಕೆ ಇನ್ನೂ ಹೋಗಿಲ್ಲ.

೧೯೯೭ರಲ್ಲಿ ನನಗೆ ಇಪ್ಪತ್ತೊಂದು. ಡಿಗ್ರಿ ಮುಗಿದಿತ್ತು, ಕೆಲಸ ಸಿಕ್ಕಿರಲಿಲ್ಲ. ಹಂಗಾರಕಟ್ಟೆಯ ಅಕ್ಕನ ಮನೆಯಲ್ಲಿ ತಿಂದುಂಡು ಬಿದ್ದಿದ್ದೆ. ಹೊತ್ತು ಹೋಗದೆ ಬೋಟು ಕಟ್ಟುವ ಜಾಗಕ್ಕೆ ಹೋಗಿ ಕೂರುತ್ತಿದ್ದೆ. ಅಲ್ಲಿ ಬೋಟುಗಳಿಗೆ ಹೆಸರು, ಚಿತ್ರ ಬರೆಯುತ್ತಿದ್ದವರು ತೆಕ್ಕಟ್ಟೆಯ ಒಬ್ಬ ಹಿರಿಯರು. ಊರಿಗೆಲ್ಲ ಅವರು ಪೈಂಟರ್ ಮಾವ. ನಾನು ಹಿಂದೆ ಮುಂದೆ ಸುತ್ತುವುದನ್ನು ನೋಡಿ ಒಂದು ದಿನ ತೆಂಗಿನ ಕಡ್ಡಿ ಕೈಗೆ ಕೊಟ್ಟು, ಒದ್ದೆ ಮರಳಿನ ಮೇಲೆ ಒಂದು ಅಂಜಲ್ ಮೀನು ಬರೆ ಅಂದರು. ಬರೆದೆ. ತಲೆ ಎಡಕ್ಕಿತ್ತು. ಇನ್ನೊಂದು ಬರೆ ಅಂದರು. ಅದರ ತಲೆಯೂ ಎಡಕ್ಕೆ. ಬಲಕ್ಕೆ ತಿರುಗಿಸಿ ಬರೆ ಅಂದಾಗ ನೋಡಬೇಕಿತ್ತು, ಮೀನಿಗೆ ಬಾವು ಬಂದ ಹಾಗಾಗಿತ್ತು.

"ಎಂತ ಮಗಾ, ನಿನ್ನ ಮೀನಿಗೆ ಒಂದೇ ದಾರಿ ಗೊತ್ತಿಪ್ಪುದಾ?" ಅಂತ ನಕ್ಕರು. "ಬೋಟಿಗೆ ಎರಡ್ ಕೆನ್ನೆ ಇತ್ತ್. ಎರಡರಲ್ಲೂ ಮೀನ್ ಮುಂದೇ ಹೋಯ್ಕ್."

ಅವರು ಮಾತ್ರ ಬಲಬದಿ ಮುಗಿಸಿ, ಬೀಡಿ ಸೇದಿ, ಎಡಬದಿಗೆ ಹೋಗಿ ಅದೇ ಮೀನನ್ನು ತಿರುಗಿಸಿ ಬರೆಯುತ್ತಿದ್ದರು. ಮೊದಲಿನದನ್ನು ಒಮ್ಮೆಯೂ ಬಂದು ನೋಡುತ್ತಿರಲಿಲ್ಲ. ಎರಡು ವರ್ಷ ಅವರ ಹಿಂದೆ ತಿರುಗಿದೆ. ಎಡಕ್ಕೆ ಹೋಗುವ ಮೀನು ನನಗೆ ಚೆನ್ನಾಗಿಯೇ ಬರುತ್ತಿತ್ತು. ಬಲಕ್ಕೆ ಹೋಗುವುದು ಕೊನೆಗೂ ಕೂಡಿ ಬರಲಿಲ್ಲ.

ಆಮೇಲೆ ಗಂಗೊಳ್ಳಿಯ ಒಂದು ಐಸ್ ಪ್ಲಾಂಟಿನ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಕಂಪ್ಯೂಟರು ಬಂತು. ಕೆಲವು ವರ್ಷದ ಮೇಲೆ ನಾನೇ ಒಂದು ಕಂಪ್ಯೂಟರು, ಅದರಲ್ಲಿ ಚಿತ್ರ ಬರೆಯುವ ಪೆನ್ನು, ಸ್ಲೇಟಿನಂಥ ಹಲಗೆ ತಂದೆ. ಶುರುವಿಗೆ ಅದೂ ಪಜೀತಿಯೇ. ಕೈ ಮೇಜಿನ ಮೇಲೆ, ಗೆರೆ ಮೂಡುವುದು ಎದುರಿನ ಪರದೆಯಲ್ಲಿ. ಪೆನ್ನು ಜಾರುತ್ತಿತ್ತು, ಕಾಗದದ ಹಿಡಿತ ಅದಕ್ಕಿಲ್ಲ. ಆದರೆ ತಪ್ಪಿದರೆ ಎಡಗೈಯಲ್ಲಿ ಎರಡು ಕೀ ಒತ್ತಿದರಾಯಿತು, ಗೆರೆ ಮಾಯ. ಎಡಕ್ಕಿದ್ದ ಮೀನು ಒಂದು ಕ್ಲಿಕ್ಕಿಗೆ ಬಲಕ್ಕೆ! ಎರಡು ವರ್ಷ ಒದ್ದಾಡಿದ್ದು ಇಷ್ಟಕ್ಕೇನಾ ಅಂತ ನನಗೆ ಸೊಕ್ಕು ಬಂತು. ಬ್ರಷ್ಷುಗಳನ್ನು ಅಟ್ಟಕ್ಕೆ ಹಾಕಿದೆ.

ಹೀಗೇ ಹತ್ತಾರು ವರ್ಷ ಕಳೆಯಿತು. ಭಾವ, ಅಂದರೆ ಅಕ್ಕನ ಗಂಡ, ಅಷ್ಟೂ ಕಾಲ ಬೇರೆಯವರ ಬೋಟಿನಲ್ಲಿ ದುಡಿದು ಕೊನೆಗೆ ಸ್ವಂತ ಬೋಟು ಕಟ್ಟಿಸಿದರು. ಅದರ ಮುಂಭಾಗದಲ್ಲಿ ದೊಡ್ಡ ಅಂಜಲ್ ಇರಬೇಕು ಅನ್ನುವುದು ಅವರ ಆಸೆ. ಪೈಂಟರ್ ಮಾವನನ್ನೇ ಕರೆಸಿದ್ದರು. ಅವರಿಗೆ ವಯಸ್ಸಾಗಿತ್ತು, ಫ್ಲೆಕ್ಸು ಬಂದ ಮೇಲೆ ಕೆಲಸವೂ ಕಡಿಮೆಯಾಗಿತ್ತು. ಚಾ ಗ್ಲಾಸು ಹಿಡಿದ ಅವರ ಕೈ ಸಣ್ಣಗೆ ನಡುಗುತ್ತಿತ್ತು. ನಾನು ಅಲ್ಲಿಯೇ ಇದ್ದೆ.

"ಭಾವ, ಇವ್ರ ಕೈ ಈಗ ನಡುಗತ್ತ್. ಇದೆಲ್ಲ ಹಳೇ ಕಾಲದ್ದ್. ನಾನ್ ಕಂಪ್ಯೂಟರಲ್ಲಿ ಮಾಡಿ ಕೊಡ್ತೆ, ಫೋಟೋ ಕಂಡಾಂಗೆ ಬತ್ತ್" ಅಂದೆ.

ಅವರ ಎದುರಿಗೇ ಅಂದೆ. ಅವರು ಗ್ಲಾಸು ಕೆಳಗಿಟ್ಟು, "ಆಯ್ಲಿ ಮಗಾ, ನೀನೇ ಬರಿ" ಅಂತ ಎದ್ದು ಹೋದರು. ಥೂ, ಆಗಲಾದರೂ ನನಗೆ ಏನಾದರೂ ಅನ್ನಿಸಬೇಕಿತ್ತು. ನಾನು ಮೀನಿನ ಬಣ್ಣದ ಯೋಚನೆಯಲ್ಲಿದ್ದೆ.

ಇಪ್ಪತ್ತು ದಿನ ಕೂತು ಮಾಡಿದೆ. ಹೊಟ್ಟೆಯ ಬೆಳ್ಳಿ ಹೊಳಪು, ಬೆನ್ನಿನ ನೀಲಿ, ಬಾಲದ ಹತ್ತಿರ ಚಿಮ್ಮುವ ನೀರು, ಎಲ್ಲ ಇತ್ತು. ತಲೆ ಬಲಕ್ಕೆ, ಬೇಕೆಂದೇ. ಎರಡು ಪ್ರತಿ ದೊಡ್ಡದಾಗಿ ಮುದ್ರಿಸಲು ಕೊಟ್ಟಾಗ ಕುಂದಾಪುರದ ಸ್ಟಿಕ್ಕರ್ ಅಂಗಡಿಯಲ್ಲಿ "ಎರಡೂ ಒಂದೇ ಥರವಾ?" ಅಂತ ಕೇಳಿದ್ದರು. ಹೌದು ಅಂದೆ. ಬೋಟಿಗೆ ಎರಡು ಕೆನ್ನೆ ಅನ್ನುವುದು ನನ್ನ ತಲೆಯಿಂದ ಹಾರಿಯೇ ಹೋಗಿತ್ತು. ಪರದೆಗೆ ಇದ್ದದ್ದು ಒಂದೇ ಮುಖವಲ್ಲವೇ!

ಬೋಟು ನೀರಿಗಿಳಿಯುವ ಹಿಂದಿನ ದಿನ ಬೆಳಿಗ್ಗೆ ಅಂಟಿಸಲು ಹೋದೆ. ಭಾವ ನೆಂಟರನ್ನು ಕರೆಯಲು ಬೈಂದೂರಿಗೆ ಹೋಗಿದ್ದರು. ಬಲಬದಿ ಮುಗಿಯಿತು, ನೋಡಿದವರೆಲ್ಲ ಬಾಯಿ ಬಿಟ್ಟರು. ಎಡಬದಿಯಲ್ಲಿ ಹಲಗೆ ಕಟ್ಟಿ, ಮೂಗು ತಾಗುವಷ್ಟು ಹತ್ತಿರ ನಿಂತು ತುಂಡು ತುಂಡಾಗಿ ಅಂಟಿಸಿ ಇಳಿದೆ. ಕೆಳಗಿದ್ದ ಬಡಗಿ ಕೂಗಿದ:

"ಹ್ವಾಯ್, ಈ ಬದಿ ಮೀನ್ ಎಂತಕೆ ಹಿಂದೆ ಹೋತಿತ್ತ್? ನಿಮ್ಮ ಭಾವ ಕಂಡ್ರೆ ನಿಮ್ಮನ್ನ ಹೊಳಿಗೆ ಹಾಕ್ತ್ರ್!"

ಬೋಟು ಒಂದು ಕಡೆಗೆ, ಮೀನು ಇನ್ನೊಂದು ಕಡೆಗೆ! ಮೀನು ಬೆನ್ನು ತೋರಿಸಿ ಓಡುವ ಬೋಟನ್ನು ಕಡಲಿಗೆ ಇಳಿಸುವುದುಂಟೇ? ಮೊದಲ ಬೋಟು, ಮರುದಿನ ಭರತ ಏರಿ ಹೊಳೆನೀರು ಉಬ್ಬುವಾಗ ಪೂಜೆ. ಅಂಗಡಿಗೆ ಫೋನ್ ಮಾಡಿದರೆ ಮೆಷಿನ್ ಹಾಳಾಗಿದೆ, ಎರಡು ದಿನ ಬೇಕು ಅಂದರು. ಸ್ಟಿಕ್ಕರ್ ಕಿತ್ತೆ. ಬಣ್ಣ, ಬ್ರಷ್ಷು ತಂದೆ. ಬೇಕಾಗಿದ್ದದ್ದು ಎಡಕ್ಕೆ ಹೋಗುವ ಮೀನು, ಇಪ್ಪತ್ತೊಂದರಲ್ಲಿ ಕಣ್ಣು ಮುಚ್ಚಿ ಬರೆಯುತ್ತಿದ್ದದ್ದು. ಮೊದಲ ಗೆರೆಗೇ ಕೈ ಅದುರಿತು. ಬಣ್ಣ ಕೆಳಕ್ಕೆ ಇಳಿಯಿತು. ನನ್ನ ಎಡಗೈ ಬೆರಳುಗಳು ಗಾಳಿಯಲ್ಲಿ ಆ ಎರಡು ಕೀಗಳನ್ನು ಒತ್ತಿದವು. ದೇವರಾಣೆ ಸುಳ್ಳಲ್ಲ. ಬಡಗಿ ಅದನ್ನು ನೋಡಿ ಮುಖ ತಿರುಗಿಸಿದ. ಮೂರು ಸಲ ಬರೆದು ಮೂರು ಸಲ ಒರೆಸಿದೆ.

ಕೊನೆಗೆ ಸ್ಕೂಟರು ಹತ್ತಿ ತೆಕ್ಕಟ್ಟೆಗೆ ಹೋದೆ. ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತು ಜೋಡಿಸಿದ್ದೆ. ಅವರು ಜಗಲಿಯಲ್ಲಿ ಕೂತಿದ್ದರು. ಬಾಯಿಗೆ ಬಂದದ್ದು ಇಷ್ಟೇ: "ಮಾವ, ಮೀನ್ ಹಿಂದೆ ತಿರ್ಗಿತ್ತ್."

ಅವರು ಎದ್ದು ಚಪ್ಪಲಿ ಹಾಕಿಕೊಂಡರು. "ಸ್ಕೂಟರ್ ತಂದಿದ್ಯಾ? ನಡಿ, ಪೈಂಟ್ ಒಣ್ಗುಕೆ ಟೈಮ್ ಬೇಕ್" ಅಂದರು.

ಬ್ರಷ್ಷು ಎತ್ತಿದಾಗ ಅವರ ಕೈ ನಡುಗುತ್ತಲೇ ಇತ್ತು. ಬ್ರಷ್ಷು ಮರಕ್ಕೆ ತಾಗಿತು, ನಡುಕ ನಿಂತಿತು. ಒಂದೇ ಎಳೆತಕ್ಕೆ ಮೂತಿಯಿಂದ ಬಾಲದವರೆಗೆ ಬೆನ್ನು ಬಂತು. ಈ ಸಲ ಮಾತ್ರ ಅವರು ನಾಲ್ಕೈದು ಬಾರಿ ಹಲಗೆಯಿಂದ ಇಳಿದು ಬಲಬದಿಗೆ ಹೋಗಿ ನನ್ನ ಮೀನನ್ನು ನೋಡಿ ಬಂದರು. ಯಾಕೆ ಅಂತ ಕೇಳಿದೆ.

"ಅದ್ ನಿಂದಲ್ದಾ, ಇದೂ ಅದ್ರ ಹಾಂಗೇ ಇರ್ಕ್. ಇಲ್ದಿರೆ ಭಾವಂಗೆ ಗೊತ್ತಾತ್ತ್."

ನನ್ನ ಆಡಂಬರದ ಹೊಳಪು, ಸುಳ್ಳು ನೀರು, ಎಲ್ಲವನ್ನೂ ಆ ಮುದುಕರು ಕೈಯಲ್ಲಿ ಬರೆದರು.

ಮರುದಿನ ಬೋಟು ಇಳಿಯಿತು. ಹೊಳೆಯಲ್ಲಿ ತಿರುಗಿ ಎಡಬದಿ ದಡಕ್ಕೆ ಕಂಡಾಗ ಎಲ್ಲರೂ ಹೋ ಅಂದರು. ಭಾವ ನನ್ನ ಹೆಗಲ ಮೇಲೆ ಕೈ ಹಾಕಿ, ಗುಂಪಿನಲ್ಲಿದ್ದ ಪೈಂಟರ್ ಮಾವನನ್ನು ಕೂಗಿದರು. "ಹ್ವಾಯ್ ಮಾವ, ಕಾಣಿ ನಿಮ್ಮ ಶಿಷ್ಯನ ಕೆಲ್ಸ! ನಿಮ್ಮನ್ನೇ ಮೀರ್ಸಿದ ಅಲ್ದಾ?"

ಅವರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಒಂದು ಮಾತು ಸಾಕಿತ್ತು.

"ಹೌದ್, ಚಂದ ಬರ್ದಿದ" ಅಂದರು ಅವರು.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಉಪ್ಪುನೀರಿಗೆ ಬಲಬದಿಯ ಸ್ಟಿಕ್ಕರ್ ಸುಲಿದು ಹೋಯಿತು. ಎಡಬದಿಯ ಅಂಜಲ್ ಹಾಗೇ ಇತ್ತು. ಪೈಂಟರ್ ಮಾವ ತೀರಿಕೊಂಡು ಆಗ ಒಂದು ವರ್ಷ. ಭಾವ ಬಣ್ಣದ ಡಬ್ಬಿ ತಂದು ನನ್ನ ಮುಂದಿಟ್ಟರು. "ಆ ಬದಿ ಪೈಂಟಲ್ದಾ? ಅದ್ ಬರ್ದಾಂಗೇ ಈ ಬದಿನೂ ಕೈಯಲ್ಲೇ ಬರಿ ಮಾರಾಯಾ."

ಡಬ್ಬಿಯ ಮುಚ್ಚಳ ತೆಗೆದು ಬ್ರಷ್ಷು ಹಿಡಿದೆ. ಆಮೇಲೆ ಹೇಳಿದೆ, ಎಲ್ಲವನ್ನೂ, ಆ ಚಾ ಗ್ಲಾಸಿನಿಂದ ಹಿಡಿದು. ಭಾವ ಬೈಯುತ್ತಾರೆ ಅಂದುಕೊಂಡಿದ್ದೆ, ಬೈದಿದ್ದರೆ ಒಳ್ಳೆಯದಿತ್ತು. ಅವರು ಎಡಬದಿಗೆ ನಡೆದು ಹೋಗಿ ಮೀನಿನ ಬೆನ್ನಿನ ಮೇಲೆ ಕೈಯಿಟ್ಟರು.

"ಬೋಟ್ ಇಳ್ಸಿದ್ ದಿನ ಅವ್ರ್ ನನ್ನೆದ್ರೇ ನಿಂತಿದ್ರಲಾ" ಅಂದರು. "ನಾನ್ ಎಂತ ಹೇಳ್ದೆ ಅವ್ರಿಗೆ!"

ಡಬ್ಬಿಯ ಮುಚ್ಚಳ ಹಾಕಿ ಹೊರಟುಹೋದರು. ಆ ಬೋಟಿನ ಬಲಬದಿ ಈಗಲೂ ಖಾಲಿ. ಅವರು ಬೇರೆಯವರಿಂದ ಬರೆಸಲಿಲ್ಲ, ನನ್ನನ್ನು ಮತ್ತೆ ಕೇಳಲೂ ಇಲ್ಲ.