ಕಲ್ಲಿನ ಮೇಲಿನ ದೊಡ್ಡಪ್ಪ

ಫಿರ್ಮಾಂನನ್ನು ಸೊಲಾಂಜ್ ಮೊದಲು ಕಂಡದ್ದು ತನ್ನೂರ ಚೌಕದ ಯುದ್ಧಸ್ಮಾರಕದ ಮುಂದೆ. ಆಕೆ ಕಲ್ಲಿನ ಪಾಚಿ ಉಜ್ಜುತ್ತಿದ್ದಳು. ಆ ಮುದುಕ ಮೂಗು ತಾಗುವಷ್ಟು ಬಗ್ಗಿ, ಕೆತ್ತಿದ ಹೆಸರುಗಳ ಮೇಲೆ ಬೆರಳಾಡಿಸುತ್ತಿದ್ದ. ಯಾರನ್ನು ಹುಡುಕುತ್ತಿದ್ದೀರಿ ಎಂದು ಕೇಳಿದರೆ, ದೊಡ್ಡಪ್ಪನನ್ನು ಎಂದ.

ದೊಡ್ಡಪ್ಪ ಸೆವೆರಾಂ ಲಾಬಾರ್ತ್ ಕೂಲಿ ಅರಸಿ ಮನೆ ಬಿಟ್ಟವನು, ಕೂಲಿಗಿದ್ದ ಯಾವುದೋ ಊರಿಂದಲೇ ಮೊದಲ ಮಹಾಯುದ್ಧಕ್ಕೆ ಹೋದ, ಹಿಂದಿರುಗಲಿಲ್ಲ. ಹುಟ್ಟೂರಿನ ಕಲ್ಲಿನಲ್ಲಿ ಅವನ ಹೆಸರಿರಲಿಲ್ಲ. ಬೆಟ್ಟ ದಾಟಿ ಸ್ಪೇನಿಗೆ ಓಡಿಹೋದ ಹೇಡಿ ಎಂದು ಊರು ಆಡಿಕೊಂಡಿತು. ಪ್ರತಿ ವರ್ಷ ಯುದ್ಧ ಮುಗಿದ ದಿನ, ನವೆಂಬರ್ ಹನ್ನೊಂದರಂದು, ಮೇಯರ್ ಒಂದೊಂದೇ ಹೆಸರು ಕೂಗಿ, ಜನ ‘ಫ್ರಾನ್ಸಿಗಾಗಿ ಮಡಿದ’ ಎಂದು ಓಗೊಡುವಾಗ ಫಿರ್ಮಾಂನ ಅಪ್ಪ ಗುಂಪಿನ ಹಿಂದೆ ತಲೆ ತಗ್ಗಿಸಿ ನಿಲ್ಲುತ್ತಿದ್ದನಂತೆ. ತನ್ನ ಕಣ್ಣು ಪೂರಾ ಆರುವ ಮೊದಲು, ಸುತ್ತಲಿನ ಯಾವುದಾದರೂ ಊರಿನ ಕಲ್ಲಿನಲ್ಲಿ ಆ ಹೆಸರನ್ನು ಹುಡುಕಲೇಬೇಕೆಂದು ಮಗ ಹೊರಟಿದ್ದ. ವ್ಯಾನು ಇತ್ತು, ಓಡಿಸುವವರು ಬೇಕಿತ್ತು.

ಗಂಡನಿದ್ದಾಗ ವ್ಯಾನಿನಲ್ಲಿ ಸಂತೆಗೆ ಬಾತುಕೋಳಿ ಸಾಗಿಸಿ ಸೊಲಾಂಜಳ ಕೈ ಪಳಗಿತ್ತು. “ಓಡಿಸ್ತೀನಿ. ಓದು ಮಾತ್ರ ಅಷ್ಟಕ್ಕಷ್ಟೆ, ಅಕ್ಷರ ಅಕ್ಷರ ಕೂಡಿಸ್ಬೇಕು.”

“ಸತ್ತೋರಿಗೇನು ಅವಸರ ಮದಾಂ? ನಿಧಾನಕ್ಕೇ ಓದಿ.”

ಹೊರಟೇಬಿಟ್ಟರು. ಊರೂರಲ್ಲೂ ಅವನಿಗೆ ಗೆಳೆಯರು. ಮೊದಲು ಕಲ್ಲು, ಆಮೇಲೆ ಊಟ. ವ್ಯಾನು ಏರು ಹತ್ತಲು ಏದುಸಿರು ಬಿಡುವಾಗ ಫಿರ್ಮಾಂ ಕುದುರೆಗೆ ಹೇಳುವಂತೆ ಅದನ್ನು ಹುರಿದುಂಬಿಸುತ್ತಿದ್ದ. ಇಂಥ ನಗು ಸೊಲಾಂಜ್ ಎಷ್ಟೋ ಕಾಲದಿಂದ ನಕ್ಕಿರಲಿಲ್ಲ. ಪ್ರತಿ ತಿರುವಿನಲ್ಲೂ ಅವನು, ದೊಡ್ಡಪ್ಪ ಮುಂದಿನ ಊರಿನಲ್ಲಿದ್ದಾನೆ ನೋಡಿ ಎನ್ನುತ್ತಿದ್ದ. ಇರುತ್ತಿರಲಿಲ್ಲ.

ಕೊನೆಗೆ ಉಳಿದದ್ದು ಅವನ ಗೆಳೆಯ, ಚೀಸ್ ಮಾಡುವ ಗಾಸ್ತೋಂನ ಊರು. ಅಲ್ಲಿನ ಕಲ್ಲಿನಲ್ಲಿ ಆಕೆ ‘ಸೆವೆರಾಂ ಹುರ್ಕಾಡ್’ ಎಂದು ಓದಿದಾಗ, ಅವನು ಬೇರೆ ಸೆವೆರಾಂ ಎಂದು ಫಿರ್ಮಾಂ ಮುಂದಕ್ಕೆ ಬೆರಳು ಸರಿಸಿದ್ದ. ಗಾಸ್ತೋಂನ ಮನೆಯಲ್ಲಿ ಊಟಕ್ಕೆ ಕೂತರು. ಫಿರ್ಮಾಂ ತಟ್ಟೆಯ ತಳದ ಎಲೆಕೋಸಿನ ಸಾರಿಗೆ ವೈನ್ ಸುರಿದು, ಆ ಕಡೆಯ ವಾಡಿಕೆಯಂತೆ ತಟ್ಟೆಯನ್ನೇ ಎತ್ತಿ ಕುಡಿಯುತ್ತಿದ್ದ. ಓದಿದ ಹೆಸರನ್ನು ಸೊಲಾಂಜ್ ಮನಸ್ಸಿನಿಂದ ಬಿಟ್ಟಿರಲಿಲ್ಲ. ಸತ್ತವನು ಹುರ್ಕಾಡರ ಎಷ್ಟನೇ ಮಗ ಎಂದು ಗಾಸ್ತೋಂನನ್ನು ವಿಚಾರಿಸಿದಳು.

“ಎಲ್ಲಿ ಮಗ? ಹುರ್ಕಾಡ್ ಮನೇಲಿ ಎಲ್ಲಾ ಹೆಣ್ಮಕ್ಳೇ,” ಎಂದ ಗಾಸ್ತೋಂ. “ಅವ್ನು ಆ ಮನೆ ಆಳು. ಗುಡ್ಡದಾಚೆಯೋನು, ಲಾಬಾರ್ತೋ ಏನೋ.”

ತಟ್ಟೆ ಫಿರ್ಮಾಂನ ತುಟಿಯಲ್ಲೇ ನಿಂತಿತು.

ಈ ನಾಡಿನಲ್ಲಿ ಯಾವ ಸೂರಿನಡಿ ಬಾಳಿದರೆ ಆ ಮನೆಯದೇ ಹೆಸರು. ಸೊಲಾಂಜಳನ್ನೂ ಊರು ಗಂಡನ ಮನೆ ಹೆಸರಿನಿಂದಲೇ ಕರೆಯುವುದು; ಫಿರ್ಮಾಂನ ಕಾಗದದ ಹೆಸರು ಗೆಳೆಯ ಗಾಸ್ತೋಂಗೂ ಗೊತ್ತಿರಲಿಲ್ಲ. ಆದರೂ ಕಲ್ಲಿನಲ್ಲಿರುವುದು ಸರ್ಕಾರಿ ಕಾಗದದ ಹೆಸರೇ ಎಂದು ಇಬ್ಬರೂ ನಂಬಿದ್ದರು.

“ಲೋ ಕುರುಡು ಗೂಬೆ,” ಎಂದ ಗಾಸ್ತೋಂ, “ಇಷ್ಟು ವರ್ಷ ಇಲ್ಲಿ ಬಂದು ತಿಂದೆ, ಒಂದಿನ ಬಾಯ್ಬಿಟ್ಟು ಕೇಳ್ಬಾರ್ದಿತ್ತಾ?”

ಹೇಡಿಯ ಮನೆಯವನು ಎನ್ನಿಸಿಕೊಳ್ಳುವ ನಾಚಿಕೆಗೆ ಫಿರ್ಮಾಂ ಗೆಳೆಯರ ಮುಂದೆ ದೊಡ್ಡಪ್ಪನ ಸುದ್ದಿಯನ್ನೇ ಎತ್ತಿರಲಿಲ್ಲ. ಊಟ ಬಿಟ್ಟು ಚೌಕಕ್ಕೆ ಓಡಿದ. ಹಿಂದೆಯೇ ಬಂದ ಸೊಲಾಂಜ್ ಅವನ ಬೆರಳನ್ನು ಮೊದಲ ಅಕ್ಷರದ ಮೇಲಿಟ್ಟಳು. ಅವನು ಹೆಸರನ್ನು ಕೊನೆತನಕ ಸವರಿ, ಟೋಪಿ ತೆಗೆದು ಜೋರಾಗಿ ನಕ್ಕ.

ಆಮೇಲೆ ಆಕೆಯನ್ನು ಕೇಳಲು ಅವನಿಗೆ ಉಳಿದದ್ದು ಒಂದೇ.

“ಹನ್ನೊಂದನೇ ತಾರೀಕು ಈ ಹೆಸ್ರು ಕೂಗ್ದಾಗ ನನ್ನ ಗಂಟ್ಲು ಕಟ್ಕೊಂಡ್ರೆ, ಮದಾಂ, ನನ್ನ ಬದ್ಲು ನೀವು ಓಗೊಡ್ತೀರಾ?”