ಯಾವ ದಿಂಬು ಬೇಕು?

ಬೀಚನಹಳ್ಳಿಯ ಹತ್ತಿರದ ರೆಸಾರ್ಟಿನಲ್ಲಿ ನಾನು ರೂಮು ಗುಡಿಸುತ್ತಿದ್ದೆ. ಬಂದವರಿಗೆ ಐದು ಬಗೆಯ ದಿಂಬು ತೋರಿಸಿ, ಯಾವುದು ಬೇಕೆಂದು ಕೇಳುವುದೂ ನನ್ನ ಕೆಲಸವೇ. ಒಮ್ಮೆ ನನ್ನದೇ ವಯಸ್ಸಿನ ವಿದೇಶಿ ಹೆಂಗಸೊಬ್ಬಳು ಮೂರು ಸಲ ದಿಂಬು ಬದಲಿಸಿದಳು. ಆಮೇಲೆ, ನಿನಗೆ ಯಾವುದು ಇಷ್ಟ ಎಂದು ಕೈಸನ್ನೆಯಲ್ಲಿ ನನ್ನನ್ನೇ ಕೇಳಿದಳು. ನನಗೆ ಸಿಟ್ಟು ಬಂತು. ಅವರ ದೇಶದಲ್ಲಿ ದಿಂಬನ್ನೂ ಆರಿಸಿಕೊಳ್ಳುತ್ತಾರೆ! ನನ್ನನ್ನು ಸೋದರಮಾವನಿಗೆ ಕೊಡುವಾಗ, ನಿನಗೆ ಒಪ್ಪಿಗೆಯೇ ಎಂದು ಯಾರೂ ಕೇಳಿರಲಿಲ್ಲ. ಅವ್ವ ಮಾತ್ರ, "ಸೀರೆ ಯಾವ ಬಣ್ಣದ್ದು ತರಾನ, ಯೋಳವ್ವ" ಅಂದಿದ್ದಳು. ಹಸಿರು ಅಂದೆ. ಕೆಂಪು ತಂದರು.

ಮೊನ್ನೆ ಮನೆಯ ಗಂಡಸರು ನನ್ನ ಮಗಳಿಗೂ ಗಂಡು ಗೊತ್ತು ಮಾಡಿದರು. ಅವಳು ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು.

"ಸೀರೆ ಯಾವ ಬಣ್ಣದ್ದು ತರಾನ, ಯೋಳವ್ವ" ಅಂದೆ.